ಅವರ ಮಗ್ಗು, ನಮ್ಮ ಬೊಗಸೆ

ಇಂಗ್ಲಿಷರು ಬೂಟಿನಲ್ಲಿ ಹೆಂಡ ಕುಡಿಯುತ್ತಾರೆ! ಇಂಗ್ಲೆಂಡಿನ ಅರಮನೆ ನೋಡಿ ಬಂದ ಫ್ರೆಂಚರು ತಮ್ಮೂರಿನಲ್ಲಿ ಹೀಗೆ ಸುದ್ದಿ ಹಬ್ಬಿಸಿದರಂತೆ. ಥಾಮಸ್ ಹೇವುಡ್ ಎಂಬ ನಾಟಕಕಾರ 1635ರಲ್ಲಿ ಕುಡುಕರನ್ನು ಗೇಲಿ ಮಾಡಿ ಬರೆದ ಪುಸ್ತಕದಲ್ಲಿ ಈ ಮಾತು ಬರುತ್ತದೆ. ಫ್ರೆಂಚರು ಕಂಡದ್ದು ಬೂಟನ್ನಲ್ಲ, ಕರ್ರಗೆ ಮಿರುಗುವ ತೊಗಲಿನ ಮಗ್ಗುಗಳನ್ನು. ಅವಕ್ಕೆ ಅಲ್ಲಿ ಬ್ಲ್ಯಾಕ್‌ಜ್ಯಾಕ್ ಅನ್ನುತ್ತಿದ್ದರು. ಕೊಡದಷ್ಟು ದೊಡ್ಡದಾಗಿದ್ದರೆ ಬಾಂಬರ್ಡ್. ಬೂಟಿನ ತೊಗಲೇ, ಬೂಟಿನ ಹೊಲಿಗೆಯೇ, ಬೂಟಿನ ಬಣ್ಣವೇ. ಪಾಪ, ಫ್ರೆಂಚರಿಗೆ ಹಾಗೆ ಕಂಡದ್ದರಲ್ಲಿ ತಪ್ಪೇನಿಲ್ಲ.

ಇದನ್ನು ಓದಿ ನಗಬೇಕಿತ್ತು. ನನಗೆ ಮೈ ಉರಿಯಿತು. ಕಾಲಿಗೆ ಹಾಕುವ ತೊಗಲು ದೊರೆಯ ತುಟಿಗೆ ಹೋದದ್ದು ಆ ದೇಶದಲ್ಲಿ ಪಕ್ಕದ ಮನೆಯವರು ಆಡಿಕೊಳ್ಳುವ ತಮಾಷೆ, ಅಷ್ಟೆ. ನನ್ನ ದೇಶದಲ್ಲಿ ಆ ತೊಗಲು ಮುಟ್ಟಿದ ಕೈ ಬಾವಿಯ ಹಗ್ಗ ಮುಟ್ಟಿತೆಂದು ತಲೆ ಒಡೆದಿದ್ದಾರೆ, ಗುಡಿಸಲು ಸುಟ್ಟಿದ್ದಾರೆ, ಬಹಿಷ್ಕಾರ ಹಾಕಿದ್ದಾರೆ. ಕಾಲಿನ ಕೆರ ಕಾಲಲ್ಲೇ ಇರಬೇಕು ಅನ್ನುವ ಗಾದೆಯನ್ನು ಕಟ್ಟಿದವರು ಕೆರದ ಬಗ್ಗೆ ಹೇಳಿದ್ದಲ್ಲ. ನಮ್ಮ ಬಗ್ಗೆ ಹೇಳಿದ್ದು.

ಆದ್ದರಿಂದ ಈ ಮಗ್ಗಿನ ಕತೆಯನ್ನು ನಾನು ಕೆರ ಹೊಲಿಯುವವನ ಕಡೆಯಿಂದಲೇ ಹೇಳುತ್ತೇನೆ. ಕರಕುಶಲದ ಹೊಗಳಿಕೆ ಬೇಕಾದವರು ಬೇರೆ ಕಡೆ ಹೋಗಿ.

ಅಲ್ಲಿ ಈ ಕಸುಬಿಗೆ ಸಂಘವಿತ್ತು. ಲಂಡನ್ನಿನಲ್ಲಿ ತೊಗಲಿನ ಬಾಟಲಿ, ಮಗ್ಗು ಹೊಲಿಯುವವರು 1476ರಲ್ಲಿ ಕೊಂಬಿನ ಕೆಲಸದವರ ಸಂಘದ ಜೊತೆ ಕೂಡಿಕೊಂಡರು. ಸಂಘ ಅಂದರೆ ಸುಮ್ಮನೆಯೇ? ಒಳ್ಳೆಯ ತೊಗಲು ಯಾವುದು, ಕಳಪೆ ಹೊಲಿಗೆ ಯಾವುದು, ಶಿಷ್ಯ ಎಷ್ಟು ವರ್ಷ ಕಲಿಯಬೇಕು ಅಂತ ಕಸುಬಿನವರೇ ಕೂತು ತೀರ್ಮಾನಿಸುವುದು. ಎಂಟನೆಯ ಹೆನ್ರಿಯ ಮೇರಿ ರೋಸ್ ಹಡಗು 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದಾಗ ನಾವಿಕರ ಸಾಮಾನಿನ ನಡುವೆ ತೊಗಲಿನ ಬಾಟಲಿಗಳೂ ಸಿಕ್ಕವು. ಸಮುದ್ರದ ತಳದ ಕೆಸರಿನಲ್ಲಿ 437 ವರ್ಷ ಇದ್ದೂ ಅವು ಗುರುತು ಹಿಡಿಯುವಂತಿದ್ದವು. ಇಂದು ಅವಕ್ಕೆ ಗಾಜಿನ ಪೆಟ್ಟಿಗೆ, ದೀಪ, ಟಿಕೆಟ್ಟು. ‘ಲೆದರ್ ಬಾಟಲ್’ ಅಂತ ಬೋರ್ಡು ಹಾಕಿಕೊಂಡ ಹೆಂಡದಂಗಡಿಗಳು ಆ ದೇಶದಲ್ಲಿ ಇವತ್ತಿಗೂ ಇವೆ. ನಮ್ಮೂರಿನ ಯಾವ ಹೋಟೆಲಿನ ಬಾಗಿಲ ಮೇಲೆ ಮಾದಿಗರ ಕಸುಬಿನ ಹೆಸರಿದೆ, ತೋರಿಸಿ.

ಇನ್ನು ಮಾಡುವ ಬಗೆ. ಇದನ್ನು ನಿಧಾನವಾಗಿ ಹೇಳಬೇಕು. ತೊಗಲ ಕೆಲಸಕ್ಕೆ ತಲೆ ಬೇಡ, ಬರೀ ಮೂಗು ಗಟ್ಟಿ ಇದ್ದರೆ ಸಾಕು ಅಂತ ತಿಳಿದವರು ಇನ್ನೂ ಇದ್ದಾರೆ.

ಮೊದಲು ತೊಗಲು. ಕ್ರೋಮ್ ಹಾಕಿ ಹದ ಮಾಡಿದ ಮೆತ್ತನೆಯ ತೊಗಲು ಇದಕ್ಕಾಗದು. ಅದು ಆಕಾರ ಹಿಡಿದು ನಿಲ್ಲುವುದಿಲ್ಲ, ಅದರಲ್ಲಿ ಕುಡಿಯುವುದೂ ಕ್ಷೇಮವಲ್ಲ. ಮರದ ಚಕ್ಕೆಯಲ್ಲಿ ಹದಗೊಂಡ ದನದ ತೊಗಲೇ ಆಗಬೇಕು, ಮೂರು ನಾಲ್ಕು ಮಿಲಿಮೀಟರ್ ದಪ್ಪ. ಅವರಿಗೆ ಓಕ್ ಮರದ ಚಕ್ಕೆ, ನಮಗೆ ತಂಗಡಿ ಚಕ್ಕೆ, ಜಾಲಿ ಚಕ್ಕೆ. ಮಗ್ಗಿನ ಮೈಗೆ ಒಂದು ಅಗಲದ ತುಂಡು, ತಳಕ್ಕೆ ಒಂದು ಬಿಲ್ಲೆ, ಹಿಡಿಗೆ ಒಂದೆರಡು ಪಟ್ಟಿ. ಮೈಯ ಎರಡು ಅಂಚು ಬಂದು ಕೂಡುವ ಜಾಗದಲ್ಲೇ ಹಿಡಿಯ ಪಟ್ಟಿಗಳನ್ನು ನಡುವೆ ಇಟ್ಟು ಎಲ್ಲವನ್ನೂ ಒಟ್ಟಿಗೆ ಬಿಗಿಯುತ್ತಾರೆ. ಉಳಿಯಲ್ಲಿ ತೂತು ಹಾಕಿ ಹೊಲಿಯುವಾಗ ದಾರ ಒಂದೇ, ಅದರ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನೊಳಗೆ ಒಂದು ಸೂಜಿ ಆ ಕಡೆಯಿಂದ ಬರುತ್ತದೆ, ಇನ್ನೊಂದು ಈ ಕಡೆಯಿಂದ ಹೋಗುತ್ತದೆ. ಎರಡು ಕೈಯಲ್ಲೂ ಒಂದೇ ಜೋರಿನಿಂದ ಎಳೆಯಬೇಕು. ಮಿಷನ್ ಹೊಲಿಗೆಯಲ್ಲಿ ಒಂದು ಕುಣಿಕೆ ಹರಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದು ಹರಿದರೂ ಪಕ್ಕದ್ದು ಹಿಡಿದು ನಿಲ್ಲುತ್ತದೆ. ದಾರಕ್ಕೆ ಮೊದಲೇ ಜೇನುಮೇಣ ತಿಕ್ಕಿರುತ್ತಾರೆ; ದಾರ ತೂತಿನಲ್ಲಿ ತುಂಬಿ ಕೂರಲಿ, ನೀರಿಗೆ ಸಂದಿ ಸಿಗದಿರಲಿ ಅಂತ.

ತಳದ ಹೊಲಿಗೆಯೇ ಪರೀಕ್ಷೆ. ದುಂಡಗಿನ ಬಿಲ್ಲೆಯನ್ನು ಕೊಳವೆಯಂಥ ಮೈಯೊಳಗೆ ಕೂರಿಸಿ ಸುತ್ತ ಹೊಲಿಯಬೇಕು. ಕೈ ಒಳಗೆ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಯೇ ಕಣ್ಣು. ಮುಂದೆ ಸೋರುವ ಮಗ್ಗುಗಳಲ್ಲಿ ಹೆಚ್ಚಿನವು ಸೋರುವುದು ಈ ಬಳೆಯಲ್ಲೇ.

ಹೊಲಿದಾದ ಮೇಲೆ ನೀರಿನಲ್ಲಿ ಮುಳುಗಿಸುತ್ತಾರೆ. ತೊಗಲಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತಿತೆಂದರೆ ತೊಗಲಿಗೆ ಸಾಕಾಯಿತು. ಎತ್ತಿ, ಒಳಗೆ ಒಣ ಮರಳನ್ನೋ ಕಾಳನ್ನೋ ಜಡಿದು ತುಂಬುತ್ತಾರೆ. ಇಲ್ಲವೇ ಮರದ ಅಚ್ಚು ಹೊಡೆದು ಕೂರಿಸುತ್ತಾರೆ. ಮೆತ್ತಗಿದ್ದದ್ದು ಉಬ್ಬಿ ಮಗ್ಗಿನ ಮೈ ಪಡೆಯುತ್ತದೆ. ಆಮೇಲೆ ನೆರಳಿನಲ್ಲಿ ಒಣಗಬೇಕು. ಅವಸರ ಮಾಡಿದವರು ಇಲ್ಲಿ ಕೆಡುತ್ತಾರೆ. ಒಳಗೆ ತೇವ ಉಳಿದ ತೊಗಲಿಗೆ ಬಿಸಿ ತಾಕಿದರೆ ಅದು ಸುಟ್ಟ ಹಪ್ಪಳದ ಹಾಗೆ ಮುದುರಿಕೊಳ್ಳುತ್ತದೆ, ಮತ್ತೆ ಬಿಡಿಸುವುದಕ್ಕೆ ಬ್ರಹ್ಮನಿಂದಲೂ ಆಗದು. ಪೂರ್ತಿ ಒಣಗಿದ್ದರೆ ಮಾತ್ರ ಬಿಸಿ ಮೇಣ ತಡೆದುಕೊಳ್ಳುತ್ತದೆ.

ಕೊನೆಯ ಕೆಲಸ ಸೋರದ ಹಾಗೆ ಮಾಡುವುದು. ಇದಕ್ಕೆ ಹಳೆಯ ದಾರಿ ಎರಡು. ಒಂದು, ಪೈನ್ ಮರದ ರಾಳ ಕಾಯಿಸಿ ಅದಕ್ಕೆ ಒಂದಿಷ್ಟು ಮೇಣವನ್ನೋ ಕೊಬ್ಬನ್ನೋ ಬೆರೆಸಿ ಒಳಗೆ ಹುಯ್ದು, ಮಗ್ಗನ್ನು ಗರಗರ ತಿರುಗಿಸಿ ಮಿಕ್ಕದ್ದನ್ನು ಚೆಲ್ಲುವುದು. ರಾಳ ಒಂದನ್ನೇ ಬಳಿದರೆ ಒಣಗಿ ಗಾಜಿನ ಹಾಗೆ ಬಿರುಕು ಬಿಡುತ್ತದೆ, ಅದಕ್ಕೇ ಈ ಬೆರಕೆ. ಬ್ಲ್ಯಾಕ್‌ಜ್ಯಾಕಿನ ಒಳಗೆ ಇರುತ್ತಿದ್ದದ್ದು ಇದೇ. ಇನ್ನೊಂದು, ಜೇನುಮೇಣ. ನೇರ ಉರಿಯ ಮೇಲೆ ಇಟ್ಟರೆ ಮೇಣಕ್ಕೆ ಬೆಂಕಿ ಹತ್ತುತ್ತದೆ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಮಗ್ಗನ್ನು ಮೊದಲು ಬೆಚ್ಚಗೆ ಮಾಡಿಕೊಂಡಿದ್ದರೆ ಹುಯ್ದ ಮೇಣವನ್ನು ತೊಗಲು ಹೀರುತ್ತದೆ. ತಣ್ಣಗಿದ್ದರೆ ಮೇಣ ಮೇಲೆಯೇ ಪದರ ಕಟ್ಟಿ ಆಮೇಲೆ ಸಿಪ್ಪೆ ಏಳುತ್ತದೆ. ಹೀರಿಕೊಂಡ ತೊಗಲಿನ ಬಣ್ಣ ಒಂದು ಪಟ್ಟು ಗಾಢವಾಗುತ್ತದೆ, ಬೆರಳಲ್ಲಿ ತಟ್ಟಿದರೆ ಮರ ತಟ್ಟಿದ ಸದ್ದು. ಅದರಲ್ಲಿ ನೀರು, ಮಜ್ಜಿಗೆ, ಬಿಯರ್ ಕುಡಿಯಬಹುದು. ಬಿಸಿ ಕಾಫಿ ಹುಯ್ಯಬಾರದು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿಗೇ ಕರಗುತ್ತದೆ. ಕಡಕ್ ಮದ್ಯ ಹುಯ್ದರೆ ರಾಳವೇ ಇಳಿದು ಗಂಟಲಿಗೆ ಹೋಗುತ್ತದೆ. ಈಗಿನವರು ಕೆಲವರು ಇಪಾಕ್ಸಿ ಬಳಿಯುತ್ತಾರೆ. ಒಳಗೆ ಪ್ಲಾಸ್ಟಿಕ್ಕು ಹೊರಗೆ ತೊಗಲು, ಅದಕ್ಕೆ ಸ್ಟೀಲ್ ಲೋಟವೇ ಸಾಕಿತ್ತಲ್ಲ!

ಈಗ ಹೇಳಿ. ತೂತು ತೂತಾದ ತೊಗಲನ್ನು ನೀರು ಹಿಡಿಯುವ ಪಾತ್ರೆ ಮಾಡುವುದಕ್ಕೆ ಎಷ್ಟು ತಿಳಿದಿರಬೇಕು? ತೊಗಲಿನ ಸ್ವಭಾವ, ಮೇಣದ ಕಾವು, ದಾರದ ಬಿಗಿ, ಒಣಗುವ ಹದ. ಈ ವಿದ್ಯೆ ಬಲ್ಲವನನ್ನು ನಾವು ಏನೆಂದು ಕರೆದೆವು? ಊರ ಹೊರಗೆ ಯಾಕಿಟ್ಟೆವು?

ನಮ್ಮಲ್ಲಿ ಬಿಯರ್ ಮಗ್ಗು ಇರಲಿಲ್ಲ, ಸರಿ. ಆದರೆ ಅದರ ಅಜ್ಜನಂಥದ್ದು ಇತ್ತು. ಕಪಿಲೆ ಬಾನಿ. ಪಂಪ್‌ಸೆಟ್ಟು ಬರುವ ಮುಂಚೆ ಬಾವಿಯ ನೀರನ್ನು ತೋಟಕ್ಕೆ ಎತ್ತುತ್ತಿದ್ದದ್ದು ಅದೇ. ಎತ್ತಿನ ತೊಗಲನ್ನೋ ಎಮ್ಮೆಯ ತೊಗಲನ್ನೋ ಹೊಲಿದು, ಕೆಳಗೆ ಸೊಂಡಿಲಿನಂಥ ಉದ್ದ ಕೊಳವೆ ಬಿಟ್ಟು, ಎರಡು ಹಗ್ಗ ಕಟ್ಟುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ನಡೆದರೆ ಬಾನಿ ಮೇಲೆ ಬರುತ್ತದೆ. ಬರುವಷ್ಟು ಹೊತ್ತೂ ಸೊಂಡಿಲು ಮಡಿಚಿಕೊಂಡಿರುತ್ತದೆ, ಬಾವಿಯ ಕಟ್ಟೆಗೆ ಬಂದಾಗ ತಾನಾಗಿ ಬಿಚ್ಚಿ ತೊಟ್ಟಿಗೆ ನೀರು ಸುರಿಯುತ್ತದೆ. ಒಂದು ಸಲಕ್ಕೆ ನೂರು ಲೀಟರಿಗೂ ಮೀರಿದ ನೀರು. ಆ ಭಾರ ಇಡೀ ದಿನ ಎಳೆದರೂ ಹೊಲಿಗೆ ಬಿಚ್ಚಬಾರದು. ಇಂಗ್ಲೆಂಡಿನ ಬಾಂಬರ್ಡ್ ಇದರ ಮುಂದೆ ಆಟದ ಸಾಮಾನು.

ಬಾನಿಗೆ ಬೇಕಾದ ತೊಗಲಿನ ಹದವೂ ಹಾಗೆಯೇ. ಸತ್ತ ದನವನ್ನು ಊರವರು ಮುಟ್ಟುವುದಿಲ್ಲ, ನಾವು ಎಳೆದುಕೊಂಡು ಹೋಗಬೇಕು. ಸುಲಿದ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಒಳಮೈಯ ಮಾಂಸ ಹೆರೆದು, ತೊಳೆದು, ಆಮೇಲೆ ಅದನ್ನೇ ಚೀಲದ ಹಾಗೆ ಹೊಲಿದು ಗಳುವಿಗೆ ನೇತು ಹಾಕುತ್ತಾರೆ. ಒಳಗೆ ಚಕ್ಕೆಯ ಪುಡಿ, ಚಕ್ಕೆಯ ರಸ. ರಸ ತೊಗಲಿನ ರಂಧ್ರ ರಂಧ್ರದಿಂದ ಜಿನುಗಿ ಕೆಳಗಿನ ಮಡಕೆಗೆ ಬೀಳುತ್ತದೆ, ಬಿದ್ದದ್ದನ್ನು ಎತ್ತಿ ಮತ್ತೆ ಮೇಲೆ ಹುಯ್ಯುತ್ತಾರೆ. ಕೆಲವು ದಿನ ಕಳೆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಮತ್ತೆ ಅದೇ ಕೆಲಸ. ಅಳಲೆಕಾಯಿಯ ನೀರು ಕೊನೆಗೆ. ಜಿನುಗುತ್ತಿದ್ದ ತೊಗಲು ದಿನ ಕಳೆದಂತೆ ಜಿನುಗುವುದನ್ನು ಕಡಿಮೆ ಮಾಡುತ್ತದೆ. ಅದನ್ನು ನೋಡಿಯೇ ಹದ ಬಂತೋ ಇಲ್ಲವೋ ಹೇಳುತ್ತಿದ್ದರು. ಪುಸ್ತಕ ಇಲ್ಲ, ಥರ್ಮಾಮೀಟರ್ ಇಲ್ಲ, ಸರ್ಟಿಫಿಕೇಟೂ ಇಲ್ಲ.

ನಮ್ಮ ದೊಡ್ಡಪ್ಪ ಈ ಬಾನಿ ಹೊಲಿಯುತ್ತಿದ್ದ. ಊರ ಯಜಮಾನನ ಬಾವಿಗೆ ಆಯದ ಕೆಲಸ. ಕೂಲಿ ಅಂತ ಕೈಗೆ ಕಾಸಿಲ್ಲ, ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಒಂದಿಷ್ಟು ರಾಗಿ. ಬಾನಿ ಸೋರಿದ ದಿನ ಕರೆ ಬರುತ್ತಿತ್ತು. “ಲೇ, ಬಾನಿ ಸೋರ್ತದೆ ಬಾರ್ಲಾ.” “ಬಂದೆ ಬುದ್ದಿ.” ಬಾವಿಯ ಕಟ್ಟೆಗೆ ಅವನು ಹೋಗುವ ಹಾಗಿಲ್ಲ. ಆಳು ಬಾನಿಯನ್ನು ಬಿಚ್ಚಿ ದೂರಕ್ಕೆ ಎಳೆದು ಹಾಕುತ್ತಿದ್ದ. ದೊಡ್ಡಪ್ಪ ಬಿಸಿಲಲ್ಲಿ ಕೂತು ಸೋರುವ ಕಡೆ ತೇಪೆ ಇಟ್ಟು, ಹೊಲಿದು, ಹೊಂಗೆ ಎಣ್ಣೆ ಸವರಿ, ಒಳಗೆ ನೀರು ತುಂಬಿಸಿ ಹೊರಗಿನ ಹೊಲಿಗೆಯ ಮೇಲೆ ಒಣಬೂದಿ ಉದುರಿಸುತ್ತಿದ್ದ. ಬೂದಿ ಒದ್ದೆಯಾಗದಿದ್ದರೆ ಕೆಲಸ ಮುಗಿಯಿತು. ಬಾನಿ ಬಾವಿಗೆ ಇಳಿಯುತ್ತಿತ್ತು. ಇಷ್ಟು ಹೊತ್ತಿಗೆ ಅವನ ಗಂಟಲು ಒಣಗಿರುತ್ತಿತ್ತು. “ಒಸಿ ನೀರು ಬುದ್ದಿ” ಅಂದರೆ ಆಳು ಅದೇ ಬಾನಿಯ ನೀರನ್ನು ಚೆಂಬಿನಲ್ಲಿ ತುಂಬಿ ಎತ್ತರದಿಂದ ಹುಯ್ಯುತ್ತಿದ್ದ. ದೊಡ್ಡಪ್ಪ ಬಗ್ಗಿ ಬೊಗಸೆ ಒಡ್ಡುತ್ತಿದ್ದ. ಅರ್ಧ ಬಾಯಿಗೆ, ಅರ್ಧ ಮೊಣಕೈಯಿಂದ ಇಳಿದು ಮಣ್ಣಿಗೆ.

ಗಮನಿಸಿದಿರಾ? ಅವನು ಸುಲಿದ ತೊಗಲು, ಅವನು ಹದ ಮಾಡಿದ ತೊಗಲು, ಅವನ ಬೆವರು ಹತ್ತಿದ ಹೊಲಿಗೆ ದಿನಕ್ಕೆ ನೂರು ಸಲ ಆ ಬಾವಿಯೊಳಗೆ ಮುಳುಗಿ ಏಳುತ್ತಿತ್ತು. ನೀರಿಗೆ ಮೈಲಿಗೆ ಆಗಲಿಲ್ಲ. ಅವನ ಬೆರಳು ಚೆಂಬಿಗೆ ತಾಗಿದರೆ ಮೈಲಿಗೆ! ಇಂಥ ಶಾಸ್ತ್ರಕ್ಕೆ ತಲೆ ಇದೆಯೇ, ಬುಡ ಇದೆಯೇ? ತಮಗೆ ಬೇಕಾದ ಕಡೆ ಮಡಿ ಸಡಿಲ, ಬೇಡದ ಕಡೆ ಬಿಗಿ. ಬಾನಿಗಿಂತ ಚೆನ್ನಾಗಿ ಹೊಲಿದ ಮೋಸ ಇದು, ಒಂದು ಹನಿ ಸೋರುವುದಿಲ್ಲ.

ಬ್ರಿಟಿಷರಿಗೂ ಬಾನಿಯ ಬೆಲೆ ಗೊತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದಾಗ ಅವನ ಕಣ್ಣ ಮುಂದಿದ್ದ ಉಪಯೋಗಗಳಲ್ಲಿ ನೀರೆತ್ತುವ ಈ ತೊಗಲ ಬಾನಿಯೂ ಒಂದು. ಅವನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿ ಬಂದ. ದಕ್ಷಿಣ ಭಾರತದಲ್ಲಿ ತಂಗಡಿ ಚಕ್ಕೆಯಿಂದ ಹದಗೊಂಡ ತೊಗಲು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅವರ ಸೈನಿಕರ ಬೂಟಿಗೂ ಅದು ಬೇಕಾಯಿತು. ಹದ ಮಾಡಿದವನ ಹೆಸರು ಯಾವ ಕಡತದಲ್ಲೂ ಇಲ್ಲ.

ನೀರಿನ ವಿಷಯ ಬಂದಾಗ ಅಂಬೇಡ್ಕರರನ್ನು ಬಿಟ್ಟು ಮಾತಾಡಲು ಆಗುತ್ತದೆಯೇ? ಸಾತಾರದ ಶಾಲೆಯಲ್ಲಿ ಹುಡುಗ ಭೀಮನಿಗೆ ನೀರು ಬೇಕಾದರೆ ಜವಾನ ಬಂದು ನಲ್ಲಿ ತಿರುಗಿಸಬೇಕಿತ್ತು. ಜವಾನ ರಜೆ ಹಾಕಿದ ದಿನ ಹುಡುಗನ ಗಂಟಲಿಗೂ ರಜೆ. ಅದೇ ಹುಡುಗ ಬೆಳೆದು 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಸಾವಿರಾರು ಜನರ ಜೊತೆ ಇಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಒಡ್ಡಿದ ಬೊಗಸೆ ಅಲ್ಲ ಅದು, ಮೊಗೆದ ಬೊಗಸೆ. ಸವರ್ಣರು ಏನು ಮಾಡಿದರು? ಜನರನ್ನು ಹೊಡೆದರು, ಆಮೇಲೆ ಕೆರೆಗೆ ಗೋಮೂತ್ರ, ಸಗಣಿ ಬೆರೆಸಿ ‘ಶುದ್ಧ’ ಮಾಡಿಕೊಂಡರು. ದನದ ಸಗಣಿ ಶುದ್ಧ, ದನದ ತೊಗಲು ಹೊತ್ತವನು ಅಶುದ್ಧ. ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ನಮಗೆ ಮೊದಲು ತೆಂಗಿನ ಕರಟ, ಆಮೇಲೆ ಸೂರಿಗೆ ಸಿಕ್ಕಿಸಿದ ಬೇರೆ ಲೋಟ, ಆಮೇಲೆ ಪೇಪರ್ ಕಪ್ಪು. ಪೇಪರ್ ಕಪ್ಪು ಎಲ್ಲರಿಗೂ ಬಂದದ್ದರಿಂದ ಜಾತಿ ಹೋಯಿತು ಅಂತ ಒಬ್ಬ ಪ್ರೊಫೆಸರು ನನಗೆ ಹೇಳಿದರು. ತೊಳೆಯುವ ಕಷ್ಟ ಹೋಗಿದೆ ಸ್ವಾಮಿ, ಅಷ್ಟೆ.

ತೊಗಲೇ ಅಸಹ್ಯ ಅನ್ನುವವರಿಗೆ ಒಂದು ಮಾತು. ನಿಮ್ಮ ಋಗ್ವೇದದ ಸೋಮರಸವನ್ನು ಹಿಂಡುತ್ತಿದ್ದದ್ದು ಎತ್ತಿನ ತೊಗಲಿನ ಮೇಲೆ. ಋಷಿ ಕೂರುವುದು ಕೃಷ್ಣಾಜಿನದ ಮೇಲೆ. ಡಬ್ಬ ಬರುವ ಮುಂಚೆ ಸಂತೆಯಿಂದ ಎಣ್ಣೆ, ತುಪ್ಪ ಬರುತ್ತಿದ್ದದ್ದು ತೊಗಲಿನ ಸಿದ್ದಿಗೆಯಲ್ಲಿ; ಆ ತುಪ್ಪದಲ್ಲಿ ಹೋಳಿಗೆಯೂ ಆಯಿತು, ಹೋಮವೂ ಆಯಿತು. ದೇವರ ಮುಂದೆ ನುಡಿಯುವ ಮೃದಂಗದ ಎರಡು ಮುಖಕ್ಕೂ ತೊಗಲೇ, ಅದರಲ್ಲಿ ದನದ್ದೂ ಸೇರಿದೆ. ಇವೆಲ್ಲ ಒಳಗೆ ಬಂದವು. ಮಾಡಿದವನು ಮಾತ್ರ ಬರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ಬಾಗಿಲನ್ನು ಒದ್ದರು, ನಿಜ. ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗುಂಟ ಇವೆ. ಹತಾರಗಳನ್ನೇ ದೇವರ ಹೆಸರಿನ ಜೊತೆ ಕಟ್ಟಿದ ಗಟ್ಟಿಗ. ಡೋಹರ ಕಕ್ಕಯ್ಯ ತೊಗಲು ಹದ ಮಾಡುವವನು. ಆದರೆ ಇಂದು ವೇದಿಕೆಗಳ ಮೇಲೆ ಕೇಳುವುದು ಯಾರ ಕತೆ? ಹರಳಯ್ಯನದು. ಅವನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಅನ್ನುವ ಕತೆ. ಭಾಷಣಕಾರರು ಕಣ್ಣೀರು ಹಾಕುತ್ತಾರೆ. ನನಗೆ ಸಿಟ್ಟು ಬರುತ್ತದೆ, ಹರಳಯ್ಯನ ಮೇಲಲ್ಲ, ಕಣ್ಣೀರಿನ ಮೇಲೆ. ಮಾದಿಗ ದೊಡ್ಡವನು ಅನ್ನಿಸಿಕೊಳ್ಳಲು ತನ್ನ ಚರ್ಮವನ್ನೇ ಸುಲಿದುಕೊಳ್ಳಬೇಕೇ? ದನದ ತೊಗಲನ್ನು ಚೆನ್ನಾಗಿ ಹದ ಮಾಡಿದರೆ ಸಾಲದೇ? ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಇಬ್ಬರು ಅಪ್ಪಂದಿರನ್ನೂ ಕೊಲ್ಲಿಸಿದರಲ್ಲ, ಆ ಭಾಗಕ್ಕೆ ಬಂದಾಗ ಭಾಷಣದ ಸಮಯ ಮುಗಿದಿರುತ್ತದೆ.

ಇಂಗ್ಲೆಂಡನ್ನು ನಾನು ಸ್ವರ್ಗ ಅನ್ನುತ್ತಿಲ್ಲ. ಅಲ್ಲೂ ಹದ ಮಾಡುವವರನ್ನು ಥೇಮ್ಸ್ ನದಿಯ ಆಚೆ ಬರ್ಮಂಡ್ಸಿಗೆ ತಳ್ಳಿದ್ದರು. ನಾಯಿ ಹೇಲನ್ನು ಬೀದಿಯಲ್ಲಿ ಆಯ್ದು ತೊಗಲು ಕಾರ್ಖಾನೆಗೆ ಮಾರಿ ಹೊಟ್ಟೆ ಹೊರೆದ ಬಡವರು ವಿಕ್ಟೋರಿಯಾ ರಾಣಿಯ ಲಂಡನ್ನಿನಲ್ಲಿದ್ದರು. ಆದರೆ ಅಲ್ಲಿ ಮೂಗು ಮುಚ್ಚಿಕೊಂಡದ್ದು ನಾತಕ್ಕೆ. ಕೆಲಸ ಬಿಟ್ಟು ಮೈ ತೊಳೆದರೆ ನಾತ ಹೋಗುತ್ತದೆ, ಮಗ ಬೇರೆ ಕಸುಬು ಹಿಡಿದರೆ ಮೊಮ್ಮಗನಿಗೆ ಅದು ನೆನಪೂ ಇರುವುದಿಲ್ಲ. ನಾನು ಉಳಿ ಹಿಡಿದವನಲ್ಲ, ಪೆನ್ನು ಹಿಡಿದವನು. ಬಾಡಿಗೆ ಮನೆ ಕೇಳಲು ಹೋದರೆ ಮೂರನೆಯ ಪ್ರಶ್ನೆಗೆ ನನ್ನ ಅಜ್ಜನ ಉಳಿ ಹೊರಗೆ ಬರುತ್ತದೆ.

ಈಗ ಕಾಲ ತಿರುಗಿದೆಯಂತೆ. ಕೈಯಿಂದ ಮಾಡಿದ್ದಕ್ಕೆಲ್ಲ ಬೆಲೆ. ಬೆಂಗಳೂರಿನ ಒಂದು ಮೇಳದಲ್ಲಿ ತೊಗಲಿನ ಮಗ್ಗು ಕಂಡೆ. ಅಚ್ಚುಕಟ್ಟಾದ ಕೆಲಸ, ಸುಳ್ಳೇಕೆ ಹೇಳಲಿ. ಹೊಲಿಗೆಯ ಅಂತರ ಎಲ್ಲೂ ತಪ್ಪಿಲ್ಲ, ತಳ ಬಿಗಿಯಾಗಿದೆ, ಒಳಗೆ ಜೇನುಮೇಣದ ವಾಸನೆ. ಬೆಲೆ ನಮ್ಮೂರಿನ ಕೂಲಿಯವನ ವಾರದ ದುಡಿಮೆಗಿಂತ ಹೆಚ್ಚು. ಪಕ್ಕದ ಕಾರ್ಡಿನಲ್ಲಿ ಯುರೋಪಿನ ಕೋಟೆ, ಖಡ್ಗ, ವೀರರು. ಮಳಿಗೆಯ ಹುಡುಗ ಒಳ್ಳೆಯವನೇ, ಉತ್ಸಾಹದಿಂದ ವಿವರಿಸಿದ. “ಇದು ಹೊಲಿದವರು ಯಾರಪ್ಪ?” ಅಂದೆ. “ನಮ್ಮ ಆರ್ಟಿಸನ್ಸ್ ಸಾರ್.” “ಎಲ್ಲಿಯವರು?” “ವರ್ಕ್‌ಶಾಪಲ್ಲಿ ಇದ್ದಾರೆ ಸಾರ್.” “ಹೆಸರು?” ಹುಡುಗ ನಕ್ಕ. ವೀರರಿಗೆ ಕಾರ್ಡಿನಲ್ಲಿ ಜಾಗವಿತ್ತು, ಹೊಲಿದವನಿಗೆ ಇರಲಿಲ್ಲ. ಮಾರುವವರು ಮಾರಲಿ, ಕಲಿಯುವವರು ಯಾವ ಜಾತಿಯವರಾದರೂ ಕಲಿಯಲಿ, ತೊಗಲು ಯಾರಪ್ಪನ ಆಸ್ತಿಯೂ ಅಲ್ಲ. ಕಸುಬು ಮೇಲಿನವರ ಕೈಗೆ ಹೋದ ದಿನ ಕಲೆ, ನಮ್ಮ ಕೈಯಲ್ಲಿದ್ದಷ್ಟು ದಿನ ಹೊಲಸು. ಇದಕ್ಕೆ ನನ್ನ ತಕರಾರು.

ಕೊಲ್ಹಾಪುರಿ ಚಪ್ಪಲಿಯ ಕತೆ ನೋಡಿ. ನಮ್ಮ ಅಥಣಿ, ನಿಪ್ಪಾಣಿಯವರ ಕೈಕೆಲಸವೂ ಅದರಲ್ಲಿದೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೊಡಿಸಿ ನಡೆಸಿತು, ಮೂಲದ ಹೆಸರೆತ್ತಲಿಲ್ಲ. ಇಲ್ಲಿ ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಆಗ ಟಿವಿಯಲ್ಲಿ ಕೂತು ‘ನಮ್ಮ ಪರಂಪರೆ ಕದ್ದರು’ ಅಂತ ಎದೆ ಬಡಿದುಕೊಂಡವರ ಪೈಕಿ ಎಷ್ಟು ಜನ ಚಮ್ಮಾರನ ಮನೆಯಲ್ಲಿ ಒಂದು ಲೋಟ ನೀರು ಕುಡಿದಿದ್ದಾರೆ?

ಇನ್ನು ತೊಗಲು ಬರಬೇಕಾದದ್ದು ಎಲ್ಲಿಂದ? 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ತೊಗಲು ಸುಲಿದ ದಲಿತ ಹುಡುಗರನ್ನು ಕಾರಿಗೆ ಕಟ್ಟಿ ಬಡಿದರು. ಬಡಿದವರ ಸೊಂಟದಲ್ಲಿದ್ದ ಬೆಲ್ಟು ಯಾವುದರದ್ದು ಅಂತ ಯಾರೂ ಕೇಳಲಿಲ್ಲ. ಸಾವಿರಾರು ವರ್ಷ ‘ನೀನೇ ಎಳೆದು ಹಾಕು’ ಅಂದರು, ಈಗ ‘ಎಳೆದರೆ ಬಡಿಯುತ್ತೇವೆ’ ಅನ್ನುತ್ತಾರೆ. ಆಗ ಅಲ್ಲಿನ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಹಾಕಿದರು: ನಿಮ್ಮ ತಾಯಿ, ನೀವೇ ಮಣ್ಣು ಮಾಡಿಕೊಳ್ಳಿ. ಈ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಬಂಡಾಯ ಸಾಹಿತ್ಯವನ್ನು ನಾನು ಓದಿಲ್ಲ.

ಕಾನೂನು ಏನು ಹೇಳುತ್ತದೆ, ನೋಡಿ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು, ದಂಡ 50,000 ರೂಪಾಯಿಯಿಂದ 5 ಲಕ್ಷದವರೆಗೆ. ಇನ್ನೊಂದು ಕಾಯಿದೆ ಇದೆ, 1955ರದ್ದು, ನಾಗರಿಕ ಹಕ್ಕುಗಳ ಸಂರಕ್ಷಣೆಯದ್ದು. ಹೋಟೆಲಿನ ಪಾತ್ರೆ ಪಗಡಗಳನ್ನು ಅಸ್ಪೃಶ್ಯತೆಯ ಕಾರಣಕ್ಕೆ ಬಳಸಗೊಡದಿರುವುದು ಅಪರಾಧ ಅಂತ ಅದರ ನಾಲ್ಕನೆಯ ಕಲಮಿನಲ್ಲಿ ಬಿಡಿಸಿ ಹೇಳಿದೆ. ಶಿಕ್ಷೆ ಒಂದರಿಂದ ಆರು ತಿಂಗಳು. ದಂಡ ನೂರರಿಂದ ಐನೂರು ರೂಪಾಯಿ. ಮೇಳದ ಆ ಒಂದು ಮಗ್ಗಿನ ದುಡ್ಡಿನಲ್ಲಿ ದಲಿತರ ಲೋಟವನ್ನು ಎಷ್ಟೋ ಸಲ ಬೇರೆ ಇಟ್ಟು ದಂಡ ಕಟ್ಟಬಹುದು! 1989ರ ದೌರ್ಜನ್ಯ ತಡೆ ಕಾಯಿದೆ ಬಿಗಿ ಇದೆ, ಒಪ್ಪುತ್ತೇನೆ. ಆದರೆ ಠಾಣೆಯಲ್ಲಿ ಆ ಕಾಯಿದೆಯ ಹೆಸರು ಬರೆಸುವುದರೊಳಗೆ ‘ರಾಜಿ ಮಾಡ್ಕೊಳ್ರಪ್ಪ, ಊರಲ್ಲಿ ಬಾಳಬೇಕಲ್ಲ’ ಅನ್ನುವ ಹಿರಿಯರು ಸಾಲುಗಟ್ಟಿ ನಿಂತಿರುತ್ತಾರೆ.

ಓದುವವರೇ, ತೊಗಲ ಮಗ್ಗು ಕೊಳ್ಳಬೇಕೆನಿಸಿದರೆ ಕೊಳ್ಳಿ. ಕೊಳ್ಳುವ ಮುಂಚೆ ಹೊಲಿದವರ ಹೆಸರು ಕೇಳಿ, ಅವರಿಗೆ ಒಂದು ಮಗ್ಗಿಗೆ ಸಿಕ್ಕ ಕೂಲಿ ಎಷ್ಟೆಂದು ಕೇಳಿ. ಹೇಳದಿದ್ದರೆ ಅಲ್ಲೇ ಇಟ್ಟು ಬನ್ನಿ. ಆಮೇಲೆ ನಿಮ್ಮೂರಿಗೆ ಹೋಗಿ ಚಹಾದಂಗಡಿಯ ಸೂರು ನೋಡಿ. ಬೇರೆ ಲೋಟ ಸಿಕ್ಕಿಸಿದ್ದರೆ ನಮ್ಮನ್ನು ಕಾಯಬೇಡಿ. ನಮಗೆ ದೂರು ಕೊಟ್ಟು ಕೊಟ್ಟು ಸಾಕಾಗಿದೆ, ಈ ಸಲ ಸಾಕ್ಷಿಯ ಜಾಗದಲ್ಲಿ ನಿಮ್ಮ ಸಹಿ ಹಾಕಿ.